ಬೀಳು ಹೊಲವೂ ಬಡವರ ಕಣಜವೂ

ನಮ್ಮ ವಾಚನಾಲಯಕ್ಕೆ ಬರುವ ಮಿತ್ರರಲ್ಲಿ ಬಹುಮಂದಿ ಬೀದರ, ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳವರು. ಕೆಲವರು ಕಟ್ಟಡದ ಕೆಲಸದಲ್ಲಿದ್ದಾರೆ, ಕೆಲವರು ತುರ್ಭೆಯ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಾರೆ, ಕೆಲವರು ಕಚೇರಿಗಳಲ್ಲಿ ಗುಮಾಸ್ತರು. ಉದ್ಯೋಗ ಯಾವುದೇ ಇರಲಿ, ರೊಟ್ಟಿಯ ಮಾತು ಬಂದಾಗ ಎಲ್ಲರೂ ಕೇಳುವ ಪ್ರಶ್ನೆ ಒಂದುಂಟು. ಊರಿನಲ್ಲಿ ಹಿಂದೆ ಅನ್ನವೆಂದರೆ ಹಬ್ಬದ ಊಟ, ಜೋಳವೆಂದರೆ ಬಡವನ ಊಟ. ಈಗ ರೇಷನ್ ಅಕ್ಕಿ ಪುಕ್ಕಟೆ ಸಿಗುತ್ತದೆ, ಜೋಳಕ್ಕೆ ಮಾತ್ರ ಕಿರಾಣಿ ಅಂಗಡಿಯಲ್ಲಿ ರೊಕ್ಕ ಎಣಿಸಬೇಕು. ಇದು ಹೇಗಾಯಿತು?

ಈ ಸಂಚಿಕೆಯ ಪಾಠಕ್ಕೆ ಈ ಪ್ರಶ್ನೆಯನ್ನೇ ಎತ್ತಿಕೊಂಡಿದ್ದೇವೆ. ಇದರ ಉತ್ತರದ ಒಂದು ತುದಿ ದಿಲ್ಲಿಯಲ್ಲಿದೆ. ಇನ್ನೊಂದು ತುದಿ ಬೀದರಿನ ನೆರೆಯ ಜಹೀರಾಬಾದ್ ಸೀಮೆಯ ಕೆಲವು ಹಳ್ಳಿಗಳಲ್ಲಿದೆ. ಅಲ್ಲಿಯ ಬಡ ಹೆಂಗಸರು ನಮಗಿಂತ ಮೊದಲೇ ಈ ಪ್ರಶ್ನೆಯನ್ನು ಕೇಳಿಕೊಂಡು, ತಮ್ಮದೇ ಆದ ಒಂದು ಉತ್ತರವನ್ನು ಹೊಲದಲ್ಲಿ ಬಿತ್ತಿ ನೋಡಿದರು.

ಮೊದಲು ಲೆಕ್ಕ. ಕೇಂದ್ರ ಸರಕಾರವು ಪ್ರತಿವರ್ಷ ಮುಖ್ಯ ಬೆಳೆಗಳಿಗೆ ಕನಿಷ್ಠ ಬೆಂಬಲ ಬೆಲೆಯನ್ನು ಗೊತ್ತುಪಡಿಸುತ್ತದೆ. 2024-25ರ ಸಾಲಿಗೆ ಸಾಮಾನ್ಯ ಬತ್ತಕ್ಕೆ ಕ್ವಿಂಟಲಿಗೆ 2,300 ರೂಪಾಯಿ, ಹೈಬ್ರಿಡ್ ಜೋಳಕ್ಕೆ 3,371 ರೂಪಾಯಿ ಎಂದು ಗೊತ್ತುಮಾಡಿದ್ದರು. ನಮ್ಮವರು ಇಷ್ಟಪಡುವ ಮಾಲದಂಡಿ ಜೋಳಕ್ಕೆ ಇನ್ನೂ 50 ರೂಪಾಯಿ ಹೆಚ್ಚು. ಇಷ್ಟನ್ನೇ ನೋಡಿದರೆ ಜೋಳವೇ ತುಟ್ಟಿ ಎನಿಸುತ್ತದೆ. ಆದರೆ ಬತ್ತವನ್ನು ಯಾರೂ ಹಾಗೆಯೇ ಉಣ್ಣುವುದಿಲ್ಲ. ಒಂದು ಕ್ವಿಂಟಲು ಬತ್ತವನ್ನು ಗಿರಣಿಗೆ ಹಾಕಿದರೆ ಸುಮಾರು 67 ಕಿಲೋ ಅಕ್ಕಿ ಬರುತ್ತದೆ. 2,300ನ್ನು 67ರಿಂದ ಭಾಗಿಸಿ ನೋಡಿರಿ: ಕಿಲೋ ಅಕ್ಕಿಗೆ 34 ರೂಪಾಯಿ ಮೇಲೆ ಕೆಲವು ಪೈಸೆ ಬೀಳುತ್ತದೆ. ಜೋಳವಾದರೋ ಕಿಲೋಗೆ 33 ರೂಪಾಯಿ 71 ಪೈಸೆ. ಗಿರಣಿಯ ಖರ್ಚನ್ನು ಇಲ್ಲಿ ಹಿಡಿದಿಲ್ಲ. ಹಿಡಿದರೆ ಅಕ್ಕಿಯೇ ಇನ್ನಷ್ಟು ತುಟ್ಟಿಯಾದೀತು.

ಹೀಗೆ ಸರಕಾರ ಗೊತ್ತುಮಾಡಿದ ಬೆಲೆಯಲ್ಲಿ ಎರಡೂ ಹೆಚ್ಚುಕಡಿಮೆ ಸಮವೆಂದಾಯಿತು. ಅಕ್ಕಿಯ ಹಣವನ್ನು ಸರಕಾರದ ಬೊಕ್ಕಸ ತುಂಬುತ್ತದೆ, ಜೋಳದ ಹಣವನ್ನು ಉಣ್ಣುವವನೇ ತುಂಬಬೇಕು. ಪುಕ್ಕಟೆಗೂ ತುಟ್ಟಿಗೂ ಇರುವ ಅಂತರವೆಲ್ಲ ಇದೇ. ಜೋಳದ ಬೆಂಬಲ ಬೆಲೆ ಕಾಗದದ ಮೇಲೆ ಇದ್ದರೂ, ಕೊಳ್ಳುವ ಕೇಂದ್ರ ಊರಿನ ಹತ್ತಿರ ತೆರೆಯದಿದ್ದರೆ ಅದು ರೈತನ ಕೈಗೆ ಬರುವುದಿಲ್ಲ ಎಂಬುದನ್ನೂ ಇಲ್ಲಿ ನೆನಪಿಡಬೇಕು.

ಬೊಕ್ಕಸವು ಅಕ್ಕಿಯನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ದೇಶದಲ್ಲಿ ಧಾನ್ಯದ ಅಭಾವ ತೀವ್ರವಾಗಿದ್ದ ಕಾಲದಲ್ಲಿ, 1965ರಲ್ಲಿ, ಭಾರತ ಆಹಾರ ನಿಗಮ ಸ್ಥಾಪನೆಯಾಯಿತು. ಪಂಜಾಬಿನಂಥ ನೀರಾವರಿ ಪ್ರದೇಶಗಳಲ್ಲಿ ಒಂದೇ ಕಡೆ ರಾಶಿ ರಾಶಿಯಾಗಿ ದೊರೆಯುವ ಗೋಧಿ, ಬತ್ತಗಳನ್ನು ಕೊಳ್ಳುವುದೂ ರೈಲಿನಲ್ಲಿ ಸಾಗಿಸುವುದೂ ಸುಲಭ. ಮಳೆಯನ್ನೇ ನಂಬಿದ ಹಳ್ಳಿಗಳಲ್ಲಿ ಒಬ್ಬನ ಮನೆಯಲ್ಲಿ ನಾಲ್ಕು ಚೀಲ, ಇನ್ನೊಬ್ಬನ ಮನೆಯಲ್ಲಿ ಹತ್ತು ಚೀಲ ಎಂದು ಚದುರಿರುವ ಜೋಳವನ್ನು ಕೂಡಿಸುವುದು ಕಷ್ಟ. ಆದಕಾರಣ ನ್ಯಾಯಬೆಲೆ ಅಂಗಡಿಯೆಂದರೆ ಅಕ್ಕಿ, ಗೋಧಿಯ ಅಂಗಡಿ ಎಂದಾಯಿತು. 1983ರಲ್ಲಿ ಆಂಧ್ರಪ್ರದೇಶದಲ್ಲಿ ಎನ್.ಟಿ. ರಾಮರಾಯರ ಸರಕಾರ ಕಿಲೋಗೆ ಎರಡು ರೂಪಾಯಿಯಂತೆ ಅಕ್ಕಿ ಕೊಡತೊಡಗಿತು. ಕರ್ನಾಟಕದಲ್ಲಿ 2013ರಲ್ಲಿ ಅನ್ನಭಾಗ್ಯ ಬಂದಿತು. ಇವುಗಳಿಂದ ಎಷ್ಟೋ ಮನೆಗಳ ಒಲೆ ಉರಿದಿದೆ. ಅದನ್ನು ಹಗುರವಾಗಿ ಆಡುವವರ ಜೊತೆಗೆ ನಾವಿಲ್ಲ. ಹಸಿದವನಿಗೆ ಅಕ್ಕಿಯೂ ಅನ್ನವೇ.

ಆದರೆ ಇನ್ನೊಂದು ಪರಿಣಾಮವೂ ಆಯಿತು. ಪೇಟೆಯಲ್ಲಿ ಸೋವಿ ಅಕ್ಕಿ ಸಿಗುವಾಗ ಮಸಾರಿ ನೆಲದಲ್ಲಿ ಮೈಮುರಿದು ಜೋಳ ಬೆಳೆಯುವವನಿಗೆ ಕೊಳ್ಳುವವರು ಕಡಿಮೆಯಾದರು. 1960ರ ಸುಮಾರಿಗೆ ಇಡೀ ದೇಶದಲ್ಲಿ ಸುಮಾರು 1 ಕೋಟಿ 80 ಲಕ್ಷ ಹೆಕ್ಟೇರಿನಲ್ಲಿ ಜೋಳ ಬೆಳೆಯುತ್ತಿದ್ದರು. ಇಂದು ಅದು 50 ಲಕ್ಷಕ್ಕಿಂತ ಕಡಿಮೆಯಾಗಿದೆ. ಬಿಟ್ಟ ನೆಲದಲ್ಲಿ ಕೆಲವು ಕಡೆ ಸೋಯಾ, ಹತ್ತಿ, ಕಬ್ಬು ಬಂದವು. ಕೆಲವು ಕಡೆ ಏನೂ ಬರದೆ ಹೊಲ ಬೀಳು ಬಿದ್ದಿತು. ಬೀಳು ಬಿದ್ದ ಹೊಲದ ಒಡೆಯನು ಪಟ್ಟಣದ ಬಸ್ಸು ಹತ್ತಿದನು. ನಮ್ಮ ಓದುಗರಲ್ಲಿ ಹಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಜಹೀರಾಬಾದಿಗೆ ಹೋಗೋಣ. ಮುಂಬಯಿಯಿಂದ ಬೀದರ ಕಡೆಗೆ ಬಸ್ಸಿನಲ್ಲಿ ಹೋಗುವವರಿಗೆ ಈ ಹಾದಿ ಪರಿಚಿತ: ಪುಣೆ, ಸೊಲ್ಲಾಪುರ, ಉಮರ್ಗಾ, ಹುಮನಾಬಾದ್. ಹುಮನಾಬಾದಿನಲ್ಲಿ ಇಳಿಯದೆ ಅದೇ ಹೈದರಾಬಾದ್ ರಸ್ತೆಯಲ್ಲಿ ಮುಂದೆ ಸಾಗಿದರೆ ಜಹೀರಾಬಾದ್ ಸಿಗುತ್ತದೆ. ಇಂದು ಅದು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಗೆ ಸೇರಿದೆ. ಆದರೆ 1956ರಲ್ಲಿ ರಾಜ್ಯಗಳ ಪುನರ್ರಚನೆ ಆಗುವವರೆಗೆ ಈ ತಾಲ್ಲೂಕು ನಿಜಾಮನ ನಾಡಿನ ಬೀದರ ಜಿಲ್ಲೆಯಲ್ಲಿಯೇ ಇತ್ತು. ಗೆರೆ ಎಳೆದ ಮೇಲೆ ಅತ್ತ ಉಳಿಯಿತು. ಅಲ್ಲಿಯ ಹಳ್ಳಿಗಳಲ್ಲಿ ತೆಲುಗಿನ ಜೊತೆ ಕನ್ನಡವೂ ಉರ್ದುವೂ ಕಿವಿಗೆ ಬೀಳುತ್ತವೆ. ನೆಲ, ಮಳೆ, ರೊಟ್ಟಿ, ಪುಂಡಿಪಲ್ಯ ಎಲ್ಲವೂ ನಮ್ಮ ಕಡೆಯವೇ.

ಜಹೀರಾಬಾದಿಗೆ ಹತ್ತಿಕೊಂಡಂತಿರುವ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸಾಯಿಟಿ ಎಂಬ, ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದಿದೆ. ಹುಟ್ಟಿದ್ದು 1983ರಲ್ಲಿ, ಅಂದರೆ ಎರಡು ರೂಪಾಯಿ ಅಕ್ಕಿ ಬಂದ ವರ್ಷವೇ. ಅದನ್ನು ಕಟ್ಟಿದವರಲ್ಲಿ ಮುಖ್ಯರು ಪಿ.ವಿ. ಸತೀಶ್. 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಕನ್ನಡಿಗರು. ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿದ್ದರು. 1975-76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೆಲಿವಿಷನ್ ತೋರಿಸಿದ ಪ್ರಯೋಗದಲ್ಲಿ ಕೆಲಸ ಮಾಡುತ್ತ ಹಳ್ಳಿಗಳ ಪರಿಚಯ ಮಾಡಿಕೊಂಡರು. ಒಳ್ಳೆಯ ಸರಕಾರಿ ನೌಕರಿಯಲ್ಲಿದ್ದವರು ಕಲ್ಲುನೆಲದ ಊರಿಗೆ ಬಂದು ನೆಲೆಸಿ, 2023ರ ಮಾರ್ಚಿನಲ್ಲಿ ತೀರಿಕೊಳ್ಳುವವರೆಗೂ ಆ ಕೆಲಸವನ್ನು ಬಿಡಲಿಲ್ಲ.

ಅಲ್ಲಿಯ ಬಡವರಲ್ಲಿ ಹೆಚ್ಚಿನವರು ದಲಿತರು. ಭೂಸುಧಾರಣೆಯ ಕಾಲದಲ್ಲಿ ಸರಕಾರ ಅವರಿಗೆ ಒಂದೆರಡು ಎಕರೆ ಜಮೀನು ಕೊಟ್ಟಿತ್ತು. ಪತ್ರವೇನೋ ಕೈಗೆ ಬಂದಿತು; ನೆಲ ಮಾತ್ರ ಕಲ್ಲು, ಗೊರಸು, ಇಳಿಜಾರು. ಎತ್ತಿಲ್ಲ, ಬೀಜವಿಲ್ಲ, ಗೊಬ್ಬರವಿಲ್ಲ. ಹೀಗಾಗಿ ಹೊಲದ ಒಡೆಯರೇ ಇನ್ನೊಬ್ಬರ ಹೊಲದಲ್ಲಿ ಕೂಲಿ ಮಾಡುತ್ತಿದ್ದರು. ಸಂಸ್ಥೆಯು ಊರೂರಿನಲ್ಲಿ ಈ ಹೆಂಗಸರ ಸಂಘಗಳನ್ನು ಕಟ್ಟಿತು. ಅವರು ಅದನ್ನು ‘ಸಂಘಂ’ ಎನ್ನುತ್ತಾರೆ. ಸಂಘದವರು ಕೂಡಿ ಕಲ್ಲು ಆರಿಸಿದರು, ಒಡ್ಡು ಹಾಕಿದರು. ಕೆಲವು ಕಡೆ ಹತ್ತು ಜನ ಸೇರಿ ದೊಡ್ಡ ರೈತರಿಂದ ಹೊಲ ಹಿಡಿದು ಕೂಡುಬೇಸಾಯ ಮಾಡಿದರು. ಕಾಲಕ್ರಮದಲ್ಲಿ ಸುಮಾರು 75 ಹಳ್ಳಿಗಳಲ್ಲಿ ಐದು ಸಾವಿರದಷ್ಟು ಹೆಂಗಸರು ಸಂಘಗಳಲ್ಲಿ ಸೇರಿದರು.

ನಮ್ಮ ಪಾಠಕ್ಕೆ ಮುಖ್ಯವಾದದ್ದು ಇವರು 1990ರ ದಶಕದ ನಡುವೆ ಆರಂಭಿಸಿದ ಧಾನ್ಯನಿಧಿ. ಇದನ್ನು ಸ್ವಲ್ಪ ನಿಧಾನವಾಗಿ ತಿಳಿದುಕೊಳ್ಳಬೇಕು.

ಊರಿನಲ್ಲಿ ಬೀಳು ಬಿದ್ದ ಹೊಲವುಂಟು. ಅದೇ ಊರಿನಲ್ಲಿ ಮಳೆಗಾಲದಲ್ಲಿ ಕಾಳಿಲ್ಲದೆ ಅರೆಹೊಟ್ಟೆ ಉಣ್ಣುವವರುಂಟು. ಪಡಿತರದ ಅಕ್ಕಿ ನೂರಾರು ಮೈಲಿಗಳಿಂದ ಬರಬೇಕು, ಬಂದದ್ದೂ ತಿಂಗಳಿಗೆ ಸಾಲದು. ಹಾಗಾದರೆ ಆ ಬೀಳಿನಲ್ಲಿಯೇ ಜೋಳ ಬೆಳೆದು, ಆ ಊರಿನಲ್ಲಿಯೇ ಕೂಡಿಟ್ಟು, ಆ ಊರಿನ ಬಡವರಿಗೇ ಏಕೆ ಹಂಚಬಾರದು? ಇದೇ ಮೂಲ ವಿಚಾರ. ಕೇಂದ್ರ ಸರಕಾರದ ಗ್ರಾಮೀಣಾಭಿವೃದ್ಧಿ ಮಂತ್ರಾಲಯದ ಧನಸಹಾಯ ದೊರೆಯಿತು. ಸುಮಾರು ಮೂವತ್ತು ಹಳ್ಳಿಗಳಲ್ಲಿ ಎರಡು ಸಾವಿರ ಎಕರೆಗೂ ಮಿಕ್ಕಿದ ಬೀಳನ್ನು ಉಳುಮೆಗೆ ತಂದರು.

ಹೊಲ ಕೈ ಬದಲಾಯಿಸಲಿಲ್ಲ, ಇದನ್ನು ಗಮನಿಸಬೇಕು. ಬೀಳು ಹೊಲದ ಬಡ ಒಡೆಯನಿಗೇ ಎಕರೆಗೆ ಇಷ್ಟು ಎಂದು ಸಾಲ ಕೊಟ್ಟರು: ಉಳಲಿಕ್ಕೆ, ಗೊಬ್ಬರಕ್ಕೆ, ಬಿತ್ತಲಿಕ್ಕೆ, ಕಳೆಗೆ. ಸಾಲವನ್ನು ಹಣವಾಗಿ ತೀರಿಸುವಂತಿಲ್ಲ. ಐದು ವರ್ಷಗಳಲ್ಲಿ ಜೋಳದ ರೂಪದಲ್ಲಿ ಸಂಘಕ್ಕೆ ಅಳೆಯಬೇಕು. ಸಹಕಾರಿ ಸಾಲವೇನೂ ನಮ್ಮ ನಾಡಿಗೆ ಹೊಸದಲ್ಲ. ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ಹುಟ್ಟಿತು. ಅಲ್ಲಿ ಕೊಡುವುದೂ ತರುವುದೂ ರೂಪಾಯಿ. ಇಲ್ಲಿ ಕೊಡುವುದು ರೂಪಾಯಿ, ತರುವುದು ಕಾಳು. ರಾಶಿಯ ಕಾಲದಲ್ಲಿ ಪೇಟೆಯ ದರ ಬಿದ್ದರೂ ರೈತನು ಸಾಲ ತೀರಿಸಲು ದಲಾಲಿಯ ಬಳಿಗೆ ಓಡಬೇಕಾಗಲಿಲ್ಲ.

ಉಳುಮೆಯನ್ನು ನೋಡಿಕೊಳ್ಳಲು ಪ್ರತಿ ಹಳ್ಳಿಯಲ್ಲಿ ಹೆಂಗಸರ ಸಮಿತಿ ಇತ್ತು. ಸಾಲ ತೆಗೆದುಕೊಂಡವನು ಗೊಬ್ಬರ ಹಾಕಿದನೋ, ಕಳೆ ತೆಗೆಸಿದನೋ ಎಂದು ಹೊಲಕ್ಕೆ ಹೋಗಿ ನೋಡುವವರು ಇವರೇ. ಅಕ್ಷರ ಬಾರದ ಕೂಲಿ ಹೆಂಗಸು ಗಂಡಸರ ಹೊಲದ ತಪಾಸಣೆ ಮಾಡುವುದೆಂದರೆ ಆ ಸೀಮೆಯಲ್ಲಿ ಸಣ್ಣ ಮಾತಲ್ಲ. ಬ್ಯಾಂಕಿನ ಇನ್‌ಸ್ಪೆಕ್ಟರನಿಗೆ ಒಮ್ಮೆ ಬೇರೆಯವನ ಹೊಲ ತೋರಿಸಿ ಕಳಿಸಿಬಿಡಬಹುದು. ನೆರೆಮನೆಯವಳಿಗೆ ಆ ಆಟ ನಡೆಯುವುದಿಲ್ಲ.

ಲೆಕ್ಕ ಹೇಗೆ ನಡೆಯುತ್ತದೆಂದು ಒಂದು ಉದಾಹರಣೆಯಿಂದ ನೋಡೋಣ. ಅಂಕಿಗಳು ತಿಳಿವಿಗಾಗಿ ನಾವು ಇಟ್ಟುಕೊಂಡವು. ಒಂದು ಊರಿನಲ್ಲಿ 100 ಎಕರೆ ಬೀಳು ಉಳುಮೆಗೆ ಬಂದಿತೆಂದು ಭಾವಿಸಿರಿ. ಎಕರೆಗೆ ಮೂರು ಕ್ವಿಂಟಲು ಜೋಳ ಬಂದು, ಅದರಲ್ಲಿ ಒಂದು ಕ್ವಿಂಟಲು ಸಾಲಕ್ಕೆ ಹೋದರೆ, ಸಂಘದ ಕಣಜಕ್ಕೆ ವರ್ಷಕ್ಕೆ 100 ಕ್ವಿಂಟಲು, ಅಂದರೆ 10,000 ಕಿಲೋ ಬರುತ್ತದೆ. ಕಷ್ಟದ ಆರು ತಿಂಗಳು ಮನೆಗೆ ಹತ್ತು ಹತ್ತು ಕಿಲೋ ಕೊಟ್ಟರೆ ಒಂದು ಮನೆಗೆ 60 ಕಿಲೋ. 160 ಮನೆಗಳಿಗೆ ಸಾಕಾಗಿ ಸ್ವಲ್ಪ ಉಳಿಯುತ್ತದೆ. ರೈತನ ಮನೆಯಲ್ಲಿ ಉಳಿದ ಎರಡೆರಡು ಕ್ವಿಂಟಲು ಬೇರೆ. ದನಕ್ಕೆ ಕಣಿಕೆ ಬೇರೆ. ಬಿತ್ತನೆ, ಕಳೆ, ಕೊಯ್ಲು, ರಾಶಿಗೆ ಊರಿನಲ್ಲಿಯೇ ಸಿಕ್ಕ ಕೂಲಿ ಬೇರೆ. ಪಂಜಾಬಿನಿಂದ ಗೋಧಿ ಬಂದರೆ ಧಾನ್ಯವೊಂದೇ ಊರಿಗೆ ಬರುತ್ತದೆ. ಕೂಲಿಯೂ ಮೇವೂ ಅಲ್ಲಿಯೇ ಉಳಿಯುತ್ತವೆ.

ಇನ್ನು ಹಂಚುವ ಪ್ರಶ್ನೆ. ಬಡವರಾರು? ನಮ್ಮ ಕಡೆ ಈ ಪ್ರಶ್ನೆಯನ್ನು ಕಚೇರಿಯಲ್ಲಿ ಕುಳಿತು ತೀರ್ಮಾನಿಸುತ್ತಾರೆ. ಕಾರ್ಡು ಯಾರಿಗೆ ಬರುತ್ತದೆ, ಯಾರಿಗೆ ತಪ್ಪುತ್ತದೆ ಎಂಬುದು ಊರಿನವರಿಗೇ ಸೋಜಿಗ. ಈ ಹಳ್ಳಿಗಳಲ್ಲಿ ಜನರು ಬಯಲಿನಲ್ಲಿ ಕೂಡಿ ನೆಲದ ಮೇಲೆ ಊರಿನ ನಕ್ಷೆ ಬರೆದರು. ಒಂದೊಂದು ಮನೆಯನ್ನೂ ಹೆಸರು ಹಿಡಿದು ಚರ್ಚಿಸಿ, ಹೆಚ್ಚು ಬಡವರು, ಕಡಿಮೆ ಬಡವರು, ಬೇಡದವರು ಎಂದು ದರ್ಜೆ ಕಟ್ಟಿದರು. ಎಲ್ಲರೆದುರು ನಡೆದ ಚರ್ಚೆ. ಅನುಕೂಲಸ್ಥನು ತಾನು ದರಿದ್ರನೆಂದು ಹೇಳಿಕೊಳ್ಳಲು ನಾಚಬೇಕು. ಅತಿ ಬಡವರಿಗೆ ಹೆಚ್ಚು ಜೋಳ, ಉಳಿದವರಿಗೆ ಅವರವರ ದರ್ಜೆಯಂತೆ ಕಡಿಮೆ. ಬೆಲೆಯು ಪೇಟೆಗಿಂತ ಕಡಿಮೆ, ಆದರೆ ಪುಕ್ಕಟೆಯಲ್ಲ. ಬಂದ ಹಣ ಮತ್ತೆ ಮುಂದಿನ ವರ್ಷದ ಬೀಳಿಗೆ ಸಾಲವಾಗಬೇಕು.

ಈ ಪುಕ್ಕಟೆಯಲ್ಲದ ಮಾತಿನ ಬಗ್ಗೆ ಓದುಗರಲ್ಲಿ ಭಿನ್ನಾಭಿಪ್ರಾಯ ಬರಬಹುದು. ಕೈಯಲ್ಲಿ ಏನೂ ಇಲ್ಲದ ಮುದುಕಿ ಕಡಿಮೆ ದರಕ್ಕಾದರೂ ಹೇಗೆ ಕೊಂಡಾಳು ಎಂದು ಕೇಳುವುದು ನ್ಯಾಯವೇ. ಅಂಥವಳಿಗೆ ಸರಕಾರದ ಉಚಿತ ಧಾನ್ಯವೇ ಬೇಕು. ಧಾನ್ಯನಿಧಿಯನ್ನು ನ್ಯಾಯಬೆಲೆ ಅಂಗಡಿಗೆ ಪ್ರತಿಯಾಗಿ ನಿಲ್ಲಿಸುವುದು ನಮಗೆ ಸರಿ ಕಾಣುವುದಿಲ್ಲ. ಒಂದರ ಪಕ್ಕದಲ್ಲಿ ಇನ್ನೊಂದು ಇದ್ದರೆ ಹಳ್ಳಿಗೆ ಎರಡು ಕಣಜವಾಗುತ್ತದೆ.

ಬಿತ್ತುವ ಕ್ರಮವನ್ನೂ ಒಂದಿಷ್ಟು ಹೇಳಬೇಕು. ನಮ್ಮ ಹಿರಿಯರು ‘ಅಕ್ಕಡಿ’ ಎನ್ನುತ್ತಿದ್ದರಷ್ಟೆ: ಜೋಳದ ಸಾಲಿನ ನಡುವೆ ತೊಗರಿ, ಹೆಸರು, ಅಲಸಂದಿ, ಪುಂಡಿ. ಜಹೀರಾಬಾದಿನ ಹೆಂಗಸರು ಅದನ್ನೇ ಬಿಡದೆ ಉಳಿಸಿಕೊಂಡಿದ್ದಾರೆ. ಒಂದು ಎಕರೆಯಲ್ಲಿ ಹತ್ತು ಹನ್ನೆರಡು ಬೆಳೆ ಬೆರೆಸಿ ಬಿತ್ತುವುದು ಅವರಲ್ಲಿ ಸಾಮಾನ್ಯ. ಮಳೆ ಕೈಕೊಟ್ಟು ಒಂದು ಹೋದರೆ ಇನ್ನೊಂದು ನಿಲ್ಲುತ್ತದೆ. ಚಳಿಗಾಲದಲ್ಲಿ ನೀರು, ಗೊಬ್ಬರ ಕೇಳದೆ ಬರಿಯ ಇಬ್ಬನಿಯಲ್ಲಿ ಬೆಳೆಯುವ ಬೆಳೆಗಳನ್ನು ಅವರು ‘ಸತ್ಯದ ಬೆಳೆ’ ಎಂದು ಕರೆಯುತ್ತಾರೆ. ಹೆಸರು ಎಷ್ಟು ಚೆನ್ನಾಗಿದೆ ನೋಡಿರಿ! ಬಿತ್ತದೆ ತಾನಾಗಿ ಹುಟ್ಟುವ ಸೊಪ್ಪುಗಳಂತೂ ಹತ್ತಾರು ಬಗೆ. ನಮ್ಮ ಹತ್ತರಕಿ, ಗೋಳಿಪಲ್ಯಗಳ ಬಳಗ. ಕಳೆನಾಶಕ ಸುರಿದ ಹೊಲದಲ್ಲಿ ಇವು ಸಿಗುವುದಿಲ್ಲ. ಪೇಟೆಯಲ್ಲಿ ಕಾಯಿಪಲ್ಯ ಕೊಳ್ಳಲಾರದವರ ತಾಟಿಗೆ ಇವೇ ಹಸಿರು.

ಬೀಜವನ್ನು ಅವರು ಕೊಳ್ಳುವುದಿಲ್ಲ. ಬುಟ್ಟಿಗೆ ಸಗಣಿ ಸಾರಿಸಿ, ಕಾಳಿಗೆ ಬೂದಿಯನ್ನೂ ಬೇವಿನ ಎಲೆಯನ್ನೂ ಬೆರೆಸಿ, ಬಾಯಿ ಮೆತ್ತಿ ಇಡುತ್ತಾರೆ. ಸಂಘದ ಬೀಜದ ಮನೆಯಿಂದ ಒಂದು ಸೇರು ಒಯ್ದವರು ಸುಗ್ಗಿಯಲ್ಲಿ ಎರಡು ಸೇರು ತಂದು ಹಾಕಬೇಕೆಂಬುದು ವಾಡಿಕೆ. 2008ರ ಅಕ್ಟೋಬರಿನಲ್ಲಿ ಮಾಚ್ನೂರು ಎಂಬ ಹಳ್ಳಿಯಲ್ಲಿ ಅವರದೇ ಒಂದು ರೇಡಿಯೋ ನಿಲಯವೂ ಆರಂಭವಾಯಿತು. ಅದನ್ನು ನಡೆಸಿದ ಇಬ್ಬರ ಹೆಸರೂ ನರಸಮ್ಮ. ಗೊಂದಲವಾಗದಿರಲೆಂದು ಒಬ್ಬರನ್ನು ‘ಜನರಲ್’ ನರಸಮ್ಮ, ಇನ್ನೊಬ್ಬರನ್ನು ಆಲ್ಗೋಲ್ ನರಸಮ್ಮ ಎನ್ನುತ್ತಾರೆ. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಇಕ್ವೇಟರ್ ಪ್ರಶಸ್ತಿ ಈ ಸಂಸ್ಥೆಗೆ ಬಂದಿತು.

ಇವರೂ ಇವರಂಥ ಇತರರೂ ಮಾಡಿದ ಒತ್ತಾಯದ ಫಲ ಕಾನೂನಿನಲ್ಲಿಯೂ ಕಂಡಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಲ್ಲಿ ಅಕ್ಕಿಗೆ 3 ರೂಪಾಯಿ, ಗೋಧಿಗೆ 2 ರೂಪಾಯಿ ಎಂಬುದರ ಜೊತೆಗೆ ಜೋಳ, ಸಜ್ಜೆ, ರಾಗಿಗಳಿಗೆ ಕಿಲೋಗೆ 1 ರೂಪಾಯಿ ಎಂದು ಬರೆಯಲಾಯಿತು. ಕರ್ನಾಟಕದಲ್ಲಿ ಉತ್ತರದ ಜಿಲ್ಲೆಗಳಿಗೆ ಜೋಳವನ್ನೂ ದಕ್ಷಿಣದ ಜಿಲ್ಲೆಗಳಿಗೆ ರಾಗಿಯನ್ನೂ ಪಡಿತರದಲ್ಲಿ ಕೊಟ್ಟದ್ದುಂಟು. ಆದರೆ ಕೊಂಡ ಜೋಳವಿದ್ದರೆ ತಾನೆ ಹಂಚುವುದು? 2023ನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಆಮೇಲೆ ವಾಶಿಯ ದೊಡ್ಡ ಅಂಗಡಿಗಳಲ್ಲಿ ನವಣೆ, ಸಾವೆಗಳು ಬಣ್ಣದ ಪೊಟ್ಟಣದಲ್ಲಿ ಕುಳಿತವು. ಅವುಗಳ ಬೆಲೆಯನ್ನು ಓದಿ ಹಿಂತಿರುಗಿದವರು ನಮ್ಮಲ್ಲಿ ಬಹಳ.

ಈ ಪ್ರಯೋಗದ ಕೊರತೆಗಳನ್ನೂ ಹೇಳದಿದ್ದರೆ ಪಾಠ ಅರ್ಧವಾದೀತು. ಮೊದಲ ಬಂಡವಾಳ ಹೊರಗಿನಿಂದ ಬಂದದ್ದು. ಅದಿಲ್ಲದೆ ಹೊಲಕ್ಕೆ ಗಳೆ ಬೀಳುತ್ತಿರಲಿಲ್ಲ. ಎಪ್ಪತ್ತೈದು ಹಳ್ಳಿಗಳ ಕೆಲಸವು ಒಂದು ರಾಜ್ಯದ ಅಳತೆಗೆ ತೀರ ಚಿಕ್ಕದು. ಬರದ ವರ್ಷ ಸಾಲದ ಜೋಳ ಅಳೆಯುವುದು ಯಾರಿಗೂ ಸುಲಭವಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಜೋಳವೆಂದರೆ ಹೆಂಗಸಿನ ದುಡಿಮೆ. ಹಸನು ಮಾಡಿ, ಬೀಸಿಸಿ, ನಾದಿ, ಒಂದೊಂದಾಗಿ ಬಡಿದು ಸುಡಬೇಕು. ಎಂಟು ಗಂಟೆಯ ಲೋಕಲ್ಲಿನಲ್ಲಿ ಬಂದು ಮಾನಸರೋವರ ನಿಲ್ದಾಣದಲ್ಲಿ ಇಳಿಯುವ ಹೆಣ್ಣುಮಗಳು ಕುಕ್ಕರಿಗೆ ಅಕ್ಕಿ ಹಾಕಿದರೆ ಅವಳನ್ನು ದೂರಲಾದೀತೆ? ಜೋಳದ ಗುಣಗಾನ ಮಾಡಿ ಭಾಷಣ ಕೊಡುವವರು ಹೆಚ್ಚಾಗಿ ರೊಟ್ಟಿ ಬಡಿದವರಲ್ಲ.

ಈಗ ನಮ್ಮ ಪಾಲಿನ ಎರಡು ವಿಷಯ. ಒಂದು ಇಲ್ಲಿಯ ರೇಷನ್ನು, ಇನ್ನೊಂದು ಅಲ್ಲಿಯ ಹೊಲ.

ಊರಿನ ಕಾರ್ಡು ಇಲ್ಲಿ ನಡೆಯುವುದಿಲ್ಲವೆಂದು ತಿಳಿದು ಪೇಟೆಯ ದರಕ್ಕೆ ಅಕ್ಕಿ ಕೊಳ್ಳುವ ಕುಟುಂಬಗಳು ಕಾಮೋಠೆ, ಕಳಂಬೋಲಿಗಳಲ್ಲಿ ಇನ್ನೂ ಇವೆ. ‘ಒಂದು ದೇಶ, ಒಂದು ರೇಷನ್ ಕಾರ್ಡು’ ಎಂಬ ಏರ್ಪಾಡು 2019ರಲ್ಲಿ ಆರಂಭವಾಗಿ, 2020ರ ಜನವರಿಯಲ್ಲಿ ಕರ್ನಾಟಕ, ಮಹಾರಾಷ್ಟ್ರಗಳನ್ನು ಒಂದುಗೂಡಿಸಿ, 2022ರ ವೇಳೆಗೆ ಎಲ್ಲ ರಾಜ್ಯಗಳಿಗೂ ಹಬ್ಬಿತು. ಆಹಾರ ಭದ್ರತಾ ಕಾಯಿದೆಯಡಿ ಬರುವ ಕಾರ್ಡು ಇದ್ದು ಅದಕ್ಕೆ ಆಧಾರ್ ಜೋಡಿಸಿದ್ದರೆ, ಇಲ್ಲಿಯ ಯಾವ ರೇಷನ್ ದುಕಾನಿನಲ್ಲಿಯಾದರೂ ಹೆಬ್ಬೆಟ್ಟು ಒತ್ತಿ ಧಾನ್ಯ ಪಡೆಯಬಹುದು. ಕಾರ್ಡು ಬದಲಾಯಿಸಬೇಕಾಗಿಲ್ಲ, ಊರಿನ ಹೆಸರು ತೆಗೆಸಬೇಕಾಗಿಲ್ಲ. ಸಾಮಾನ್ಯ ಆದ್ಯತಾ ಕಾರ್ಡಿಗೆ ತಲೆಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕಾರ್ಡಿಗೆ ಮನೆಗೆ 35 ಕಿಲೋ. 2023ರ ಜನವರಿಯಿಂದ ಇದು ಉಚಿತ. ಊರಿನಲ್ಲಿರುವ ತಂದೆತಾಯಿಗಳು ತಮ್ಮ ಪಾಲನ್ನು ಅಲ್ಲಿ ತೆಗೆದುಕೊಂಡು, ಉಳಿದದ್ದನ್ನು ನೀವು ಇಲ್ಲಿ ತೆಗೆದುಕೊಳ್ಳಬಹುದು. ಒಟ್ಟು ಪಾಲು ಮಾತ್ರ ಅಷ್ಟೇ. ಕರ್ನಾಟಕ ಸರಕಾರ ತನ್ನ ಕಡೆಯಿಂದ ಕೂಡಿಸಿ ಕೊಡುವ ಹೆಚ್ಚಿನ ಧಾನ್ಯ ಇಲ್ಲಿ ಸಿಗುವುದಿಲ್ಲ. ಅಂಗಡಿಯವನು ‘ಪರರಾಜ್ಯದ ಕಾರ್ಡು ಚಲತ ನಾಹೀ’ ಎಂದರೆ 14445 ಸಂಖ್ಯೆಗೆ ದೂರವಾಣಿ ಮಾಡಿ ಕೇಳಬಹುದು. ಓದಲು, ಬರೆಯಲು ತೊಡಕಿದ್ದವರು ಕಾರ್ಡಿನ ಸಂಖ್ಯೆಯನ್ನು ತೆಗೆದುಕೊಂಡು ವಾಚನಾಲಯಕ್ಕೆ ಬರಲಿ. ಯಾರಾದರೊಬ್ಬರು ಜೊತೆಗೆ ಬರುತ್ತಾರೆ.

ಹೊಲದ ಮಾತು ಇದಕ್ಕಿಂತ ತೊಡಕಿನದು. ಕರ್ನಾಟಕದಲ್ಲಿ ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯೊಡನೆ 1974ರಲ್ಲಿ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿಯನ್ನು ನಿಷೇಧಿಸಿತು. ಸೈನಿಕರು, ನಾವಿಕರಂಥವರಿಗೆ ಮಾತ್ರ ವಿನಾಯಿತಿ. ಲಕ್ಷಾಂತರ ಗೇಣಿದಾರರು ಅದರಿಂದ ಒಡೆಯರಾದರು, ಅದು ದೊಡ್ಡ ಕೆಲಸ. ಅದರ ನೆರಳಿನಲ್ಲಿ ಒಂದು ಭಯವೂ ಬೆಳೆಯಿತು. ಎರಡು ಮೂರು ಎಕರೆಯ ಒಡೆಯ ಕೆಲಸಕ್ಕಾಗಿ ಮುಂಬಯಿಗೆ ಬಂದರೆ ಹೊಲವನ್ನು ಇನ್ನೊಬ್ಬರ ಕೈಗೆ ಬರವಣಿಗೆಯಲ್ಲಿ ಕೊಡಲಾರ. ಬಾಯಿಮಾತಿನ ಲಾವಣಿಗೆ ಕೊಡಲು ಅಂಜುತ್ತಾನೆ. ‘ಬೀಳು ಬಿದ್ದರೂ ಬೀಳಲಿ, ನಮ್ಮ ಹೆಸರಿನಲ್ಲಿ ಇರಲಿ’ ಎಂಬ ಮಾತನ್ನು ನಾವು ಎಷ್ಟು ಜನರ ಬಾಯಲ್ಲಿ ಕೇಳಿಲ್ಲ! ಜಾಲಿ ಬೆಳೆಯುತ್ತದೆ, ಒಡ್ಡು ಒಡೆಯುತ್ತದೆ, ಐದಾರು ವರ್ಷದ ಮೇಲೆ ಮರಳಿ ಹೋದವನಿಗೆ ಗುರುತು ಸಿಗದ ನೆಲ ಎದುರಾಗುತ್ತದೆ.

ಇಂಥ ಮನೆಗಳಿಗೆ ಜಹೀರಾಬಾದಿನ ಪದ್ಧತಿಯಲ್ಲಿ ವಿಚಾರಿಸತಕ್ಕದ್ದು ಬಹಳವಿದೆ. ಅಲ್ಲಿ ಹೆಸರು ಒಡೆಯನದೇ ಉಳಿಯಿತು, ಸಾಲವೂ ಅವನ ಹೆಸರಿಗೇ, ಹೊಣೆಯೂ ಅವನದೇ. ಮೇಲ್ವಿಚಾರಣೆ ಮಾತ್ರ ಊರಿನ ಸಂಘದ್ದು. ನಮ್ಮ ಊರುಗಳಲ್ಲಿಯೂ ಸ್ವಸಹಾಯ ಸಂಘಗಳಿವೆ. ಅವು ಹೆಚ್ಚಾಗಿ ಹಣ ಕೊಟ್ಟು ಹಣ ಪಡೆಯುವ ಕೆಲಸದಲ್ಲಿವೆ. ಊರಿನಲ್ಲಿರುವ ತಾಯಿಯೋ ಅತ್ತಿಗೆಯೋ ಅಂಥ ಸಂಘದಲ್ಲಿ ಸದಸ್ಯಳಾಗಿದ್ದರೆ, ಒಂದು ಎಕರೆ ಬೀಳನ್ನು ಅಕ್ಕಡಿ ಜೋಳಕ್ಕೆ ತರಲು ಎಷ್ಟು ಖರ್ಚು ಬಂದೀತು, ಕಾಳಿನಲ್ಲಿ ಮರಳಿಸುವ ಪದ್ಧತಿಗೆ ಸಂಘದವರು ಒಪ್ಪಿಯಾರೇ ಎಂದು ಕೇಳಿ ನೋಡಬಹುದು. ಮುಂದಿನ ತಿಂಗಳ ಚರ್ಚಾಕೂಟಕ್ಕೆ ಸದಸ್ಯರು ತಮ್ಮ ಊರಿನ ಈ ನಾಲ್ಕು ಸಂಗತಿಗಳನ್ನು ಬರೆದು ತರಬೇಕೆಂದು ಕೋರುತ್ತೇವೆ: ಮನೆಯ ಹೊಲವೆಷ್ಟು, ಅದರಲ್ಲಿ ಬೀಳೆಷ್ಟು, ಎಂದಿನಿಂದ ಬೀಳು, ಕಡೆಯ ಸಲ ಬಿತ್ತಿದ್ದು ಏನು.

ಸಂಕ್ರಾಂತಿಗೆ ಬೀದರ ಕಡೆ ಹೋಗುವವರು ಒಂದು ದಿನ ಹೆಚ್ಚು ಇಟ್ಟುಕೊಂಡು ಜಹೀರಾಬಾದಿನವರೆಗೆ ಹೋಗಿಬರಬಹುದು. ಆ ಹೆಂಗಸರು ಎರಡು ದಶಕಗಳಿಗೂ ಮೇಲ್ಪಟ್ಟು ಸಂಕ್ರಾಂತಿಯ ಸುಮಾರಿಗೆ ‘ಪಾತ ಪಂಟಲ ಜಾತರ’, ಅಂದರೆ ಹಳೆಯ ಬೆಳೆಗಳ ಜಾತ್ರೆ, ನಡೆಸಿಕೊಂಡು ಬಂದಿದ್ದಾರೆ. ಸಿಂಗರಿಸಿದ ಎತ್ತಿನ ಗಾಡಿಗಳಲ್ಲಿ ಬೀಜದ ಬುಟ್ಟಿಗಳನ್ನಿಟ್ಟು ಸುಮಾರು ಒಂದು ತಿಂಗಳು ಹಳ್ಳಿಯಿಂದ ಹಳ್ಳಿಗೆ ಸಾಗುತ್ತಾರೆ. ಗಾಡಿ ಯಾವ ದಿನ ಯಾವ ಊರಿನಲ್ಲಿ ಇರುತ್ತದೆಂಬುದನ್ನು ಪಸ್ತಾಪುರದಲ್ಲಿ ಕೇಳಿದರೆ ತಿಳಿಯುತ್ತದೆ.